ಮುಂದೆ ಓಡುವವಳಿಗೆ

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಬಿರುಗಾಳಿ,

ಹರಿದು ಬಿಸಾಡುವ ಮೊದಲು ಒಂದು ಸಲ ಓದು. ಆಮೇಲೆ ನಿನ್ನಿಷ್ಟ.

ನಮ್ಮ ರೂಮಿನಲ್ಲಿ ನಿನ್ನ ಮಂಚ ಹಾಗೇ ಇದೆ. ಹೊಸ ಹುಡುಗಿಯನ್ನು ಹಾಕುತ್ತೇನೆಂದು ಹಾಸ್ಟೆಲ್ ಮೇಡಂ ಬಂದಿದ್ದರು. ಅದರ ಮೇಲೆಲ್ಲ ಒದ್ದೆ ಬಟ್ಟೆ ಹರಡಿ, ಜಾಗವೆಲ್ಲಿದೆ ಎಂದೆ. ಗೊಣಗಿಕೊಂಡು ಹೋದರು.

ಮೊನ್ನೆ ನಿನ್ನಿಂದ ಕಿತ್ತುಕೊಂಡ ಚಿನ್ನದ ಪದಕ, ಎರಡನೆಯವಳಾಗಿ ಬಂದಿದ್ದ ನನಗೆ ಬಂತು. ವೇದಿಕೆಯಿಲ್ಲ, ಚಪ್ಪಾಳೆಯಿಲ್ಲ, ಆಫೀಸಿನ ಗುಮಾಸ್ತರು ಸಹಿ ಹಾಕಿಸಿಕೊಂಡು ಕಂದು ಕವರಿನಲ್ಲಿ ಕೊಟ್ಟರು. ರೂಮಿನ ಚಿಲಕ ಹಾಕಿ ಕೊರಳಿಗೆ ಹಾಕಿಕೊಂಡೆ. ಕನ್ನಡಿಯಲ್ಲಿ ನೋಡಿಕೊಂಡು ನಕ್ಕೆ ಕಣೇ. ಆ ನಗು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ನೀನು ಮೋಸ ಮಾಡಲಿಲ್ಲ. ಮೈಯಲ್ಲಿ ಹುಟ್ಟಿನಿಂದಲೇ ಗಂಡಸರ ಹಾರ್ಮೋನು ಹೆಚ್ಚಿರುವ ಅಂತರ್ಲಿಂಗಿ ನೀನು ಎಂದು ರಕ್ತ ಪರೀಕ್ಷೆ ಹೇಳುವವರೆಗೆ ನಿನಗೇ ಗೊತ್ತಿರಲಿಲ್ಲ. ಊಟದ ಹಾಲಿನಲ್ಲಿ ಹುಡುಗಿಯರು ನಿನ್ನ ಬಗ್ಗೆ ಗುಸುಗುಸು ಮಾಡಿದಾಗ ನಾನು ತಟ್ಟೆ ನೋಡುತ್ತ ಕೂತೆ. ಏಕೆಂದರೆ, ಬಯ್ಯಬೇಡ, ನನ್ನೊಳಗೂ ಒಂದು ಮಾತಿತ್ತು. ಎಷ್ಟು ಬೆವರು ಸುರಿಸಿದರೂ ನಿನ್ನ ಬೆನ್ನೇ ಕಾಣುತ್ತಿತ್ತಲ್ಲ, ಅದು ನ್ಯಾಯವೇ ಎಂದು. ಹಾಗಂತ ನಿನ್ನನ್ನು ಹೊರಗೆ ಹಾಕಿದ್ದನ್ನು ನ್ಯಾಯ ಎನ್ನಲೂ ಬಾಯಿ ಬರುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಮುಂದಿನ ತಿಂಗಳು ದೇಶದ ತಂಡದ ಆಯ್ಕೆ. ನೀನು ಹೋದ ಮೇಲೆ ನನ್ನ ಓಟ ನಿಧಾನವಾಗಿದೆ. ಅಭ್ಯಾಸದಲ್ಲಿ ನೀನು ಮುಂದೆ ಓಡಿ ಎದುರುಗಾಳಿ ತಡೆಯುತ್ತಿದ್ದೆ, ಸದಾ ಹಿಂದೆಯೇ ಬರುವ ನನಗೆ ಬಾಲ ಎಂದು ಹೆಸರಿಟ್ಟು, "ಬಾರೇ ಬಾಲ, ಬಿಡಬೇಡ!" ಎಂದು ಕೂಗಿ ಕೂಗಿ ಎಳೆದುಕೊಂಡು ಹೋಗುತ್ತಿದ್ದೆ. ಈಗ ಮುಂದೆ ಬರೀ ಖಾಲಿ ಟ್ರ್ಯಾಕ್. ಎರಡನೇ ಸುತ್ತಿಗೇ ಕಾಲು ಸೋಲುತ್ತದೆ. ಹೀಗೇ ಆದರೆ ನಾನು ಆಯ್ಕೆಯಾಗುವುದಿಲ್ಲ.

ನಿನಗೆ ನಿಷೇಧ ಸ್ಪರ್ಧೆಗೆ ಮಾತ್ರ, ಅಭ್ಯಾಸಕ್ಕಲ್ಲ. ಆಯ್ಕೆ ಮುಗಿಯುವವರೆಗೆ ಬಂದು ನನ್ನ ಮುಂದೆ ಓಡುತ್ತೀಯಾ ಎಂದು ಕೇಳಲು ಕೋಚ್ ಹೇಳಿದ್ದಾರೆ. ಅವರ ಮಾತು ತಳ್ಳಿಹಾಕಲಾಗದೆ ಬರೆಯುತ್ತಿದ್ದೇನೆ, ಅಷ್ಟೇ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಹೊಟ್ಟೆ ತುಂಬ ಊಟ ಮಾಡು.

ನಿನ್ನ,
ಬಾಲ

ತಾ.ಕ.: ಕೋಚ್ ಹಾಗೆ ಹೇಳಲೇ ಇಲ್ಲ. ನಿನ್ನನ್ನು ಕರೆಯಲಾ ಎಂದು ಕೇಳಿದ್ದು ನಾನು. "ಅವಳಿಂದ ಇನ್ನೂ ಏನ್ ಬೇಕಮ್ಮ ನಿಂಗೆ? ನಾಚಿಕೆ ಆಗಲ್ವಾ?" ಎಂದು ಬೈದರು. ಆಗುತ್ತದೆ. ಆದರೂ ಬಾರೇ.