ಭಾನುವಾರದ ಸೈನ್ಯ

ಅಂಗಡಿಯಿಂದ,
ಮಂಗಳವಾರ, ೧೭ನೇ ತಾರೀಕು

ಮುದ್ದಿನ ಗುಬ್ಬಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಅಂಗಡಿಯಲ್ಲಿ ಕೆಲಸ ಜಾಸ್ತಿ ಎಂದು ಬರೆಯಬಹುದಿತ್ತು, ನೀನು ನಂಬುವುದಿಲ್ಲ. ಹಳೇ ಮೇಜು ಕುರ್ಚಿ ಮಾರುವವನಿಗೆ ಬಿಡುವಿಲ್ಲದಷ್ಟು ವ್ಯಾಪಾರ ಯಾವ ಕಾಲಕ್ಕೆ ಆದೀತು? ಬರೆಯಲು ಕೂತೆ, ಎದ್ದೆ, ಮತ್ತೆ ಕೂತೆ. ಫೋನಿನಲ್ಲೇ ಹೇಳೋಣವೆಂದರೆ ನಿನ್ನ ದನಿ ಕೇಳಿದ ಕೂಡಲೇ ನನ್ನ ನಾಲಿಗೆ ಚೌಕಾಸಿಯ ಧಾಟಿಗೆ ತಿರುಗುತ್ತದೆ. ನಿನ್ನಮ್ಮ ಚೆನ್ನಾಗಿದ್ದಾಳೆ. ಮಂಡಿನೋವು ಇದ್ದಷ್ಟೇ ಇದೆ, ಅದರ ವರ್ಣನೆ ಮಾತ್ರ ಹೆಚ್ಚಾಗಿದೆ.

ಇನ್ನು ನಿನ್ನ ಗಂಡನ ಬಗ್ಗೆ ನೀನು ಕೇಳಿದ ವಿಷಯ. 'ನಾನು ಅವರ ಮನೆ ಬಿಟ್ಟು ಬಂದಾಗಿದೆ. ಇನ್ನು ಅವರು ಭಾನುವಾರ ಭಾನುವಾರ ನಿಮ್ಮಲ್ಲಿಗೆ ಬಂದು ಗೊಂಬೆಗಳಿಗೆ ಬಣ್ಣ ಹಚ್ಚುತ್ತ ಕೂರುವುದು ಬೇಡ. ನೀವು ನನ್ನ ಕಡೆಯೋ ಅವರ ಕಡೆಯೋ?' ಎಂದು ಬರೆದಿದ್ದೆ. ನಿನ್ನ ಕಡೆ. ಇದಕ್ಕೆ ಯೋಚಿಸಬೇಕಾಗಿರಲಿಲ್ಲ.

ಅವು ಗೊಂಬೆಗಳಲ್ಲ ಎಂದು ಮಾತ್ರ ಇನ್ನೊಮ್ಮೆ ಹೇಳುತ್ತೇನೆ, ಸಿಟ್ಟಾಗಬೇಡ. ಅಚ್ಚಿನಲ್ಲಿ ಮಾಡಿದ, ಹೆಬ್ಬೆರಳಿನ ಉದ್ದದ ಸೈನಿಕರು. ನಿನ್ನ ಮದುವೆಯಾದ ಹೊಸತರಲ್ಲಿ ಅಳಿಯ ಮೊದಲ ಸಲ ಆ ಸೈನಿಕರ ಡಬ್ಬ ತೆರೆದಾಗ, ಮಗಳನ್ನು ಇನ್ನೊಂದು ಮಗುವಿಗೆ ಕೊಟ್ಟೆನಲ್ಲಾ ಎಂದುಕೊಂಡಿದ್ದೆ. ಆದರೆ ಅವನು ಬಣ್ಣ ಬಳಿಯುತ್ತಿದ್ದುದನ್ನು ನೋಡಲಾಗಲಿಲ್ಲ. ಪಾಯಸದಷ್ಟು ದಪ್ಪ! ಕೋಟಿನ ಗುಂಡಿಗಳೆಲ್ಲ ಮುಚ್ಚಿಹೋಗಿದ್ದವು. ಕೂಲಿಗೆ ಕುರ್ಚಿ ಉಜ್ಜಿ ಮೇಲೆ ಬಂದವನು ನಾನು, ತಡೆಯಲಾಗದೆ "ನೀರು ಬೆರೆಸಿ ಅಳಿಯಂದಿರೇ, ತೆಳ್ಳಗೆ ಎರಡು ಸಲ ಹಚ್ಚಿ" ಎಂದೆ. ಅವನು ಬ್ರಷ್ಷನ್ನು ನನ್ನ ಕಡೆಗೇ ಚಾಚಿದ. ಅಲ್ಲಿಂದ ಶುರು. 'ಬನ್ನಿ' ಎನ್ನುತ್ತಿದ್ದವನು ಯಾವಾಗ 'ಬಾರೋ' ಎನ್ನತೊಡಗಿದೆನೋ ನನಗೇ ಗೊತ್ತಿಲ್ಲ.

ಕೆಲಸ ತಾನಾಗಿಯೇ ಹಂಚಿಹೋಯಿತು. ಅಚ್ಚಿನ ಗೆರೆ ಕೆರೆದು ನುಣುಪು ಮಾಡಿ, ತಳಬಣ್ಣದ ಪ್ರೈಮರ್ ಹೊಡೆದು, ಕೋಟು ಬೂಟಿಗೆ ಬಣ್ಣ ಹಾಕುವುದು ನಾನು. ಮುಖ, ಕಣ್ಣು ಅವನದು. ಕಣ್ಣೆಂದರೆ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆ, ಅದರೊಳಗೆ ಇನ್ನೊಂದು ಕಪ್ಪು ಚುಕ್ಕೆ. ಅವನು ಉಸಿರು ಬಿಗಿಹಿಡಿದರೆ ನಾನೂ ಹಿಡಿಯುತ್ತಿದ್ದೆ. ಆಮೇಲೆ ಊಟದ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ದಾಳ ಉರುಳಿಸಿ ಯುದ್ಧ. ಕೆಂಪು ಕೋಟಿನವರು ನನ್ನವರು, ನೀಲಿಯವರು ಅವನವರು.

ಹೋದ ತಿಂಗಳ ಕೊನೆಯ ಭಾನುವಾರ ಎದುರಿಗೆ ಕೂತೇ ಹೇಳಿದೆ: "ನೋಡಪ್ಪಾ, ಮಗಳು ಬರೆದಿದ್ದಾಳೆ. ಇನ್ನು ಇದು ಬೇಡ."

ಬ್ರಷ್ ತೊಳೆಯುತ್ತಿದ್ದವನು ತೊಳೆಯುತ್ತಲೇ ಇದ್ದ. "ಸರಿ ಮಾವ."

"ನಿನ್ನ ಪಾಲು ತಗೊಂಡು ಹೋಗು."

"ನನ್ನ ಪಾಲು ಯಾವುದು?"

"ನೀಲಿಯವ್ರು ನಿನ್ನವರಲ್ವೇನೋ?"

"ಅವರ ಕೋಟೆಲ್ಲ ನೀವು ಹಚ್ಚಿದ್ದು. ನಿಮ್ಮ ಕೆಂಪಿನವರ ಕಣ್ಣೆಲ್ಲ ನಾನು ಬರೆದಿದ್ದು."

"ಹಾಗಾದ್ರೆ ಗರಗಸ ತರ್ಲಾ? ಕುತ್ತಿಗೆ ಮೇಲಿಂದು ನಿಂಗೆ, ಕೆಳಗಿಂದು ನಂಗೆ."

ನಕ್ಕುಬಿಟ್ಟ. ನಾನೂ ನಕ್ಕೆ. ಇದನ್ನು ಓದಿ ನಿನಗೆ ಮೈ ಉರಿಯುತ್ತದೆಂದು ಗೊತ್ತು. 'ನನ್ನ ಹತ್ತಿರ ತುಟಿ ಬಿಚ್ಚದವರು ನಿಮ್ಮ ಮೇಜಿನ ಮುಂದೆ ಹೇಗೆ ನಗುತ್ತಾರೆ?' ಎಂದು ನೀನು ಬರೆದದ್ದು ನೆನಪಾಗಿ ನನ್ನ ನಗು ಅಲ್ಲಿಗೇ ನಿಂತಿತು. ಅದನ್ನೇ ಕೇಳಿದೆ: "ಅವಳ ಜೊತೆ ಯಾಕೋ ಮಾತಾಡ್ಲಿಲ್ಲ ನೀನು?"

"ಅಲ್ಲಿ ಮುಖ ನೋಡಿ ಮಾತಾಡ್ಬೇಕು ಮಾವ. ಇಲ್ಲಿ ಬ್ರಷ್ ನೋಡ್ಕೊಂಡು ಮಾತಾಡಬಹುದು."

"ಹೆಂಡತಿ ಮುಖ ನೋಡಕ್ಕಾಗದವನು ಮದುವೆ ಯಾಕಾದೆ?"

ಅವನು ಬ್ರಷ್ ಒರೆಸಿ ಪಕ್ಕಕ್ಕಿಟ್ಟ. ನಾನಿದನ್ನು ಅವನ ವಕೀಲನಾಗಿ ಬರೆಯುತ್ತಿಲ್ಲ, ಗುಬ್ಬಿ. ಉಂಡು, ಮಲಗಿ, ಎದ್ದು, ಮಾತಿಲ್ಲದೆ ಹೋಗುವ ಮನುಷ್ಯನ ಜೊತೆ ಬಾಳುವುದೆಂದರೆ ಏನು ಎಂದು ನೀನು ಬರೆದದ್ದೆಲ್ಲ ನಿಜ. ನಿನ್ನ ಸಿಟ್ಟು ನ್ಯಾಯದ ಸಿಟ್ಟು.

ಕೊನೆಗೆ ಕೆಂಪು, ನೀಲಿ ಎರಡನ್ನೂ ಹತ್ತಿಯಲ್ಲಿ ಸುತ್ತಿ ಅವನ ಡಬ್ಬಕ್ಕೇ ತುಂಬಿ ಕೊಟ್ಟೆ. ಉದಾರತೆ ಎಂದುಕೊಳ್ಳಬೇಡ. ಇಲ್ಲಿ ಒಬ್ಬ ಸೈನಿಕ ಉಳಿದರೂ ಅವನಿಗೆ ಬರಲು ಒಂದು ನೆಪ ಉಳಿಯುತ್ತದೆ ಎಂಬುದು ನನ್ನ ಲೆಕ್ಕ.

ಆಮೇಲೆ ಕೈ ಸುಮ್ಮನಿರದೆ ಹೊಸ ಸೈನಿಕನೊಬ್ಬನನ್ನು ತಂದು ಕಣ್ಣನ್ನೂ ನಾನೇ ಬರೆದೆ. ಒಂದು ಕಣ್ಣು ಯುದ್ಧ ನೋಡುತ್ತಿದೆ, ಇನ್ನೊಂದು ನಮ್ಮ ಅಡುಗೆಮನೆ. ನಿನ್ನಮ್ಮ ನೋಡಿ, "ಥೇಟ್ ನಿಮ್ಮ ಹಾಗೇ ಇದಾನೆ ರೀ" ಎಂದಳು. ಇನ್ನೊಬ್ಬನನ್ನು ತರಲಿಲ್ಲ.

ನಿನ್ನ ಬಾಡಿಗೆ ಕೋಣೆಯ ಚಿಲಕ ಸಡಿಲ ಎಂದಿದ್ದೆಯಲ್ಲ, ಅಂಗಡಿಗೆ ಬಂದ ಹಳೇ ಬೀರುವಿನದೊಂದು ಗಟ್ಟಿ ಹಿತ್ತಾಳೆ ಚಿಲಕ ಕಳಿಸುತ್ತಿದ್ದೇನೆ. ಕೂರಿಸುವವನು ಸಣ್ಣ ಸ್ಕ್ರೂ ಹಾಕಿ ಕೈ ತೊಳೆದುಕೊಳ್ಳದಂತೆ ನಿಂತು ನೋಡಿಕೋ. ಹೊತ್ತಿಗೆ ಸರಿಯಾಗಿ ಉಣ್ಣು. ನೀನು ಇಟ್ಟ ಹೆಜ್ಜೆ ನಿನಗೆ ನೆಮ್ಮದಿ ತರಲಿ. ನಿನ್ನ ಮಾತು ಕೇಳಿಸಿಕೊಳ್ಳುವವರು ನಿನ್ನ ಸುತ್ತ ಇರಲಿ.

ಸದಾ ನಿನ್ನ ಕಡೆಯವನೇ ಆದ,
ಅಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದು. ಮೊನ್ನೆ ಭಾನುವಾರ ಅವನು ಬಂದಿದ್ದ. ಕೈಯಲ್ಲಿ ಡಬ್ಬವಿಲ್ಲ, ಚೀಲವಿಲ್ಲ. ಕಿಟಕಿಯಿಂದ ಕಂಡವನೇ ನಾನು ಒಳಕೋಣೆ ಸೇರಿದೆ. ನಾನಿಲ್ಲ ಎಂದು ನಿನ್ನಮ್ಮನಿಂದ ಹೇಳಿಸಿದೆ. ನನ್ನ ಚಪ್ಪಲಿ ಬಾಗಿಲಲ್ಲೇ ಬಿದ್ದಿತ್ತು, ಅವನಿಗೆ ಕಂಡೇ ಇರುತ್ತದೆ. "ಏನು ಬಂದದ್ದು?" ಎಂದು ಕೇಳಿದಳು. "ಸುಮ್ನೆ ಅತ್ತೆ. ಭಾನುವಾರ ಅಲ್ವಾ" ಎಂದ. ಹಾಗೇ ತಿರುಗಿ ಹೋದ.

ದಿನವಿಡೀ ಬಾಯಿ ಬಡಿದುಕೊಳ್ಳುವವನು ನಾನು, ನಿನಗೆ ಗೊತ್ತು. ಕೇಳುವವರೆಲ್ಲ ಕೊಳ್ಳಲು ಬಂದವರು. ಕೊಳ್ಳುವುದೇನೂ ಇಲ್ಲದೆ ಕೂತು ಕೇಳಿದವನು ಅವನೊಬ್ಬನೇ. ಮತ್ತೆ ಬಂದರೂ ಬಾಗಿಲು ತೆರೆಯುವುದಿಲ್ಲ, ನಿನಗೆ ಮಾತು ಕೊಟ್ಟಾಗಿದೆ. ಆದರೆ ಮುಂದಿನ ಭಾನುವಾರ ಅವನು ಬರುವ ಹೊತ್ತಿಗೆ ನೀನೊಂದು ಫೋನ್ ಮಾಡು ಮಗಳೇ. ಏನಾದರೂ ಮಾತಾಡು. ಹೊರಗೆ ಅವನ ದನಿ ನನಗೆ ಕೇಳಿಸಬಾರದು.