ಚಸ್ಮಾ ಹೇಳಿದ ಹೆಸರು

ಕರಜಗಿ
೯ ಜೂನ್ ೨೦೨೫

ಚಿ. ರೂಪಾಲಿಗೆ,

ನಿನ್ನ ಶಾಂತಪ್ಪ ಕಾಕಾ ತಲೆಯ ಮೇಲೆ ಕೈಯಿಟ್ಟಿದ್ದಾನೆಂದು ತಿಳಿ. ಸೊಲ್ಲಾಪುರದವರೆಗೆ ಕೈ ಮುಟ್ಟಿದ್ದರೆ ಮೊದಲು ಕಿವಿ ಹಿಂಡಿ ಆಮೇಲೆ ಹರಸುತ್ತಿದ್ದೆ. ಫೋನು ಎತ್ತುವುದಿಲ್ಲವಲ್ಲ ನೀನು, ಅದಕ್ಕೇ ಈ ಕಾಗದ. ಮರಾಠಿ ಸಾಲಿಯಲ್ಲಿ ಕಲಿತವಳು, ಕನ್ನಡ ನಿಧಾನ ಓದುತ್ತೀ ಎಂದು ಅಕ್ಷರಗಳನ್ನು ಎಮ್ಮೆಯಷ್ಟು ದಪ್ಪ ಬರೆದಿದ್ದೇನೆ. ಏಳನೆಯ ಇಯತ್ತೆಯಲ್ಲಿ ಮಾಸ್ತರರು ನನ್ನ ಅಕ್ಷರವನ್ನು ಇಡೀ ಸಾಲಿಗೆ ಎತ್ತಿ ತೋರಿಸುತ್ತಿದ್ದರು. ಯಾತಕ್ಕೆ ತೋರಿಸುತ್ತಿದ್ದರೆಂದು ಮಾತ್ರ ಕೇಳಬೇಡ.

ಮೊನ್ನೆ ನಿನ್ನ ಅಪ್ಪ ಬಂದಿದ್ದ. ನಮ್ಮ ಕಲ್ಲಣ್ಣ ಮಾತು ಕಡಿಮೆಯ ಮನುಷ್ಯ. ಚಹಾ ಮುಗಿಸಿದ ಮೇಲೆ ಬಾಯಿಬಿಟ್ಟ. ನನ್ನಾಕೆ, ನಿನ್ನ ಕಾಕು, ತೀರಿಕೊಂಡಾಗಿನಿಂದ ನೀನು ಆ ಕಣ್ಣಿಲ್ಲದವರ ಸಂಸ್ಥೆಯ ಕೆಲಸಕ್ಕೆ ಹೋಗುತ್ತಿಲ್ಲವಂತೆ. ಎದುರಿಗಿದ್ದದ್ದನ್ನು ಕಿವಿಯಲ್ಲಿ ಹೇಳುವ ಆ ಮಾತಾಡುವ ಚಸ್ಮಾಗಳ ಡಬ್ಬಿಗಳು ಕಪಾಟಿನಲ್ಲಿ ಹಾಗೇ ಕೂತಿವೆಯಂತೆ. ಮಂದ್ರೂಪದ ಒಬ್ಬ ಹೆಣ್ಣುಮಗಳು ತನ್ನ ಪಾಳಿ ಯಾವಾಗ ಎಂದು ಕೇಳಿ ಕೇಳಿ ಸೋತರೂ, "ನನ್ನ ಕೈಲೆ ಇನ್ನೊಬ್ರು ಬೀಳೂದು ಬ್ಯಾಡ" ಎಂದು ಕದ ಹಾಕಿಕೊಂಡಿದ್ದೀಯಂತೆ.

ಆ ಮಾತನ್ನು ನಿನ್ನ ಎದೆಗೆ ಇಟ್ಟವನು ನಾನು. ಮೆಟ್ಟಿಲಿಂದ ಬಿದ್ದು ಹೋದ ಕಾಕುವನ್ನು ಅಂಗಳದಲ್ಲಿ ಮಲಗಿಸಿದ್ದಾಗ, ಊರೆಲ್ಲ ಕೂಡಿದ್ದಾಗ, "ನಿನ್ನ ಮಿಷನ್ನು ನಡು ಪಾವಟಿಗ್ಯಾಗ ಬಂದ್ ಬಿದ್ದು ನನ್ನ ಮನಿ ಹಾಳಾತು" ಎಂದು ಒದರಿದೆ. ನೀನು ನೀರು ಕೂಡ ಕುಡಿಯದೆ ಎಸ್‌ಟಿ ಬಸ್ಸು ಹತ್ತಿ ಹೋದೆ. ರೂಪಾಲಿ, ಆ ಚಸ್ಮಾದ ಮಿಷನ್ನು ಬಂದ್ ಬಿದ್ದಿರಲಿಲ್ಲ. ಅದನ್ನು ಹೇಳಲಿಕ್ಕೇ ಕೂತಿದ್ದೇನೆ.

ದೀಪಾವಳಿಗೆ ನೀನು ಅದನ್ನು ತಂದ ದಿನ ನೆನಪಿದೆಯಲ್ಲ? ಶುಗರು ಕಣ್ಣಿಗೆ ಇಳಿದು ನಿನ್ನ ಕಾಕು ಗೋಡೆ ಹಿಡಿದು ತಿರುಗುತ್ತಿದ್ದ ಕಾಲ. ಚಸ್ಮಾ ಏರಿಸಿ, ಓಣಿಯವರನ್ನು ಎದುರು ಒಬ್ಬೊಬ್ಬರನ್ನೇ ನಿಲ್ಲಿಸಿ, "ಕಾಕು, ಇವರ ಹೆಸರು ಹೇಳ್ರಿ, ಮುಂದ ಅದು ತಾನ ಗುರ್ತು ಹಿಡಿತೈತಿ" ಎಂದೆ. ಉಮಾಬಾಯಿ ಅಂದಳು, ಲೀಲಾಬಾಯಿ ಅಂದಳು, ಖಂಡಪ್ಪ ಅಂದಳು. ನಾನು ಮೀಸೆ ತೀಡಿ ನಿಂತೆ. ಅವಳ ಸೆರಗು ಬಾಯಿಗೆ ಹೋಯಿತು. "ಇವ್ರು... ಇವ್ರು ನಮ್ಮ ಮನಿಯವ್ರು" ಎಂದು ನಕ್ಕಳು. ಮದುವೆಯಾದಾಗಿನಿಂದ ಗಂಡನ ಹೆಸರು ನಾಲಗೆಗೆ ತಂದವಳಲ್ಲ. ತಂದರೆ ಗಂಡನ ಆಯುಷ್ಯ ಸವೆಯುತ್ತದೆಂದು ಅವಳ ತವರಿನವರು ಕಲಿಸಿ ಕಳಿಸಿದ್ದರು. ಹೆಂಗಸರೆಲ್ಲ ಕೂಡಿ "ಹೇಳ್ ಅಕ್ಕನಾಗಮ್ಮಾ, ಒಡಪದ ಹಾಡಿನ್ಯಾಗ ಸೇರಿಸಿಯಾದ್ರೂ ಹೇಳ್" ಎಂದು ಕಾಡಿದರೂ ಹೇಳಲಿಲ್ಲ. ಕೊನೆಗೆ ನೀನೇ ಮೊಬೈಲಿನಲ್ಲಿ ನನ್ನ ಹೆಸರು ತುಂಬಿದೆ. ಬರೀ ಹೆಸರು ಸಾಲದು, ಮೊದಲು ಸಾವ್ಕಾರ ಅಂತ ಹಾಕು ಎಂದು ನಾನು ಹಟ ಹಿಡಿದೆ. ಅಂದಿನಿಂದ ನಾನು ಎದುರಾದಾಗೆಲ್ಲ ಅವಳ ಕಿವಿಯಲ್ಲಿ ಒಂದು ಹೆಣ್ಣುದನಿ ಶುದ್ಧ ಮರಾಠಿಯಲ್ಲಿ, ಸಾವ್ಕಾರ ಶಾಂತಪ್ಪ ಬಂದಿದ್ದಾರೆ ಎಂದು ಸಾರತೊಡಗಿತು. ಇಡೀ ಅಕ್ಕಲಕೋಟ ತಾಲೂಕಿನಲ್ಲಿ ಮಿಷನ್ನಿನಿಂದ ಸಾವ್ಕಾರ ಅನಿಸಿಕೊಂಡವನು ನಾನೊಬ್ಬನೇ ಎಂದು ಕಟ್ಟೆಯ ಮೇಲೆ ಹೇಳಿಕೊಂಡು ತಿರುಗಿದೆ.

ಆ ಚಳಿಗಾಲ ಅವಳು ಹೊಸ ಸೊಸೆಯ ಹಾಗೆ ಓಡಾಡಿದಳು. ಔಷಧದ ಪಾಕೀಟು ತಾನೇ ಹುಡುಕಿಕೊಂಡಳು. ಅಂಗಳಕ್ಕೆ ಬಂದ ಉಮಾಬಾಯಿಗೆ, "ಹಸರ ಸೀರಿ ಉಟ್ಟೀದಿ, ಯಾವಾಗ ತಗೊಂಡಿ, ನನಗ ಹೇಳಲೇ ಇಲ್ಲಲ್ಲ" ಎಂದು ಜಗಳ ತೆಗೆದಳು. ಒಂದು ಸಲ ಚಸ್ಮಾ ಖಂಡಪ್ಪನ ಎಮ್ಮೆಗೆ ನಾಯಿ ಅಂದಿತು. ಅವನು ವಾರ ಮಾತು ಬಿಟ್ಟ.

ಸಂಕ್ರಾಂತಿ ಕಳೆದ ಮೇಲೆ ನನಗೆ ಎದೆನೋವು ಬಂದು ಸೊಲ್ಲಾಪುರದ ದವಾಖಾನೆಯಲ್ಲಿ ಮಲಗಿದ್ದು ನಿನಗೆ ಗೊತ್ತು. ಮನೆಗೆ ಬಂದ ಮೇಲೆ ನೋಡಿದರೆ ಕಾಕುವಿನ ನಡತೆಯೇ ಬೇರೆ. ನನ್ನ ಚಪ್ಪಲಿಯ ಸಪ್ಪಳ ಕೇಳಿದ ಕೂಡಲೇ ಚಸ್ಮಾ ತೆಗೆದು, ಮಡಚಿ, ಸೊಂಟಕ್ಕೆ ಸಿಕ್ಕಿಸಿಬಿಡುತ್ತಿದ್ದಳು. ನಾನು ಅತ್ತ ಹೋದರೆ ಮತ್ತೆ ಏರಿಸುತ್ತಿದ್ದಳು. ನನಗೆ ಉರಿಯಿತು. "ಊರ ಮಂದಿ ಮಾರಿ ಎಲ್ಲಾ ಬೇಕು, ನನ್ನ ಮಾರಿ ಒಂದs ಬ್ಯಾಡೇನು?" ಎಂದೆ. "ನಿಮ್ಮ ಮಾರಿ ನನಗ ಬಾಯಿಪಾಠ ಐತಿ, ಸುಮ್ನ ಹೋಗ್ರಿ" ಎಂದಳು. ನಗುತ್ತಲೇ ಅಂದಳು. ನಾನು ಮಾತ್ರ ಮುಖ ಊದಿಸಿಕೊಂಡು ತಿರುಗಿದೆ.

ಏಪ್ರಿಲಿನಲ್ಲಿ ಮಾಳಿಗೆಯ ಮೇಲೆ ಶಾವಿಗೆ ಒಣಹಾಕಿದ್ದಳು. ಚಸ್ಮಾ ಇದ್ದರೆ ಪಾವಟಿಗೆ ಹತ್ತಿ ಇಳಿಯುವುದು ಅವಳಿಗೆ ಅಂಥ ಕಷ್ಟವಿರಲಿಲ್ಲ, ಅದು ಮೆಟ್ಟಿಲು ಮೆಟ್ಟಿಲಿಗೂ ಹೇಳುತ್ತಿತ್ತು. ಇಳಿಯುವ ಹೊತ್ತಿಗೆ ನಾನು ಹೊಲದಿಂದ ಬಂದು ಕೆಳಗೆ ನಿಂತು, ಚಹಾ ಮಾಡುತ್ತೀಯೇನು ಎಂದೆ. ಮುಂದಿನದನ್ನು ನೀನು ಬಲ್ಲೆ. ಚಸ್ಮಾ ಮಾತ್ರ ಒಂದು ಗೀರೂ ಇಲ್ಲದೆ ಅವಳ ಸೊಂಟದಲ್ಲಿ ಸಿಕ್ಕಿತು. ಕೆಟ್ಟುಹೋಗಿತ್ತು, ಅದಕ್ಕೇ ನಡುವೆ ತೆಗೆದಿದ್ದಾಳೆ ಎಂದು ನಾನೇ ತೀರ್ಮಾನ ಮಾಡಿದೆ.

ಕಲ್ಲಣ್ಣ ಬಂದ ದಿನ ಕಟ್ಟೆಯ ಮೇಲೆ ಕೂತು ಮತ್ತೆ ಅದೇ ಮಿಷನ್ನಿಗೆ ಬೈಯುತ್ತಿದ್ದೆ. ಉಮಾಬಾಯಿ ಕೊಡ ಇಳಿಸಿ ನಿಂತಳು. "ಸಾಕು ಮಾಡ್ರಿ. ಆ ಹುಡುಗಿ ಮ್ಯಾಲ ಯಾಕ ಹಾಕ್ತೀರಿ? ಅಕ್ಕನಾಗಮ್ಮ ಆಣಿ ಹಾಕಿದ್ಲು ಅಂತ ಇಷ್ಟು ದಿನ ಸುಮ್ನಿದ್ದೆ" ಎಂದಳು. ನಿನ್ನ ಕಾಕು ಅವಳ ಮುಂದೆ ಅತ್ತಿದ್ದಳಂತೆ. "ನಾ ಜಲ್ಮದಾಗ ಹೇಳದ ಹೆಸರು ನನ್ನ ಕಿವ್ಯಾಗ ದಿನಾ ಹೇಳಾಕತ್ತೈತಿ. ನಾ ಹಾಕ್ಕೊಂಡಿದ್ದು ಹೇಳಿದ್ರ ನಾ ಹೇಳಿದಂಗs ಅಲ್ಲೇನs? ಅದಕ್ಕs ಅವರ ಎದಿಗಿ ಬಂತು." ಹೆಸರು ತೆಗೆಸಿಬಿಡು ಎಂದು ಉಮಾಬಾಯಿ ಅಂದರೆ, "ಸಾವ್ಕಾರ ಅನಸ್ಕೊಂಡು ಖುಷಿಯಾಗ್ಯಾರ, ಹ್ಯಾಂಗ ತಗಿಸ್ಲಿ?" ಎಂದಳಂತೆ.

ಮನೆಗೆ ಬಂದು ಚಸ್ಮಾದ ಕಾಲು ಬಿಡಿಸಿದೆ. ಟಣ್ ಎಂದು ಎದ್ದು, ಬ್ಯಾಟರಿ ಇನ್ನೂ ಅರ್ಧ ಇದೆ ಎಂದಿತು. ಅದನ್ನು ಕೈಯಲ್ಲಿ ಹಿಡಿದು, ಅಂದು ಚಹಾ ಕೇಳಿ ಅವಳು ಚಸ್ಮಾ ತೆಗೆಯುವಂತೆ ಮಾಡಿದ ಜಾಗದಲ್ಲೇ, ಪಾವಟಿಗೆಯ ಕೆಳಗೆ ಕೂತೆ.

ಹಾಗಾಗಿ ಅಂಗಳದಲ್ಲಿ ನಾನು ಒದರಿದ್ದನ್ನು ಇವತ್ತು ವಾಪಸು ತೆಗೆದುಕೊಂಡಿದ್ದೇನೆ. ಕಟ್ಟೆಯ ಮೇಲೂ ಎಲ್ಲರ ಮುಂದೆ ಹೇಳಿದೆ, ಖಂಡಪ್ಪ ಸಾಕ್ಷಿ. ನಿನ್ನ ವಸ್ತು ಕೆಟ್ಟಿರಲಿಲ್ಲ, ನಿನ್ನ ಕೈಯೂ ಕೆಟ್ಟದ್ದಲ್ಲ. ಮಂದ್ರೂಪಕ್ಕೆ ಹೋಗು. ಆದರೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಕೊಡುವಾಗ ಗಂಡನ ಹೆಸರು ತುಂಬಬೇಡ. ಏನಂತ ಕರೀತೀರಿ ಎಂದು ಅವರನ್ನೇ ಕೇಳು. ಮನಿಯವ್ರು ಅಂತ ತುಂಬು, ಹುಡುಗ್ರ ಅಪ್ಪ ಅಂತ ತುಂಬು. ಸಂಸ್ಥೆಯ ದೊಡ್ಡವರು ನಕ್ಕರೆ ನಗಲಿ. ಕರಜಗಿಯ ಶಾಂತಪ್ಪ ಹೇಳಿದ್ದಾನೆ ಅನ್ನು.

ಕಾಕುವಿನ ಚಸ್ಮಾವನ್ನೂ ಈ ಕಾಗದದ ಜೊತೆ ಡಬ್ಬಿಯಲ್ಲಿಟ್ಟು ನಾಳೆಯ ಎಸ್‌ಟಿಗೆ ಕೊಡುತ್ತೇನೆ. ಯಾರಿಗಾದರೂ ಕಣ್ಣಾಗಲಿ. ನನ್ನ ಕಾಳಜಿ ಮಾಡಬೇಡ, ಕಲ್ಲಿನ ಹಾಗಿದ್ದೇನೆ. ರೊಟ್ಟಿ ನಾನೇ ಬಡಿಯುತ್ತೇನೆ, ಹೊಟ್ಟೆ ತುಂಬ ಉಣ್ಣುತ್ತೇನೆ. ನನ್ನ ಮೈಕಟ್ಟು ನೋಡಿ ಖಂಡಪ್ಪ ಹೊಟ್ಟೆಕಿಚ್ಚು ಪಡುತ್ತಾನೆ.

ಇಂತಿ ನಿನ್ನ ಮೇಲೆ ಸಿಟ್ಟೇ ಇಲ್ಲದ
ಶಾಂತಪ್ಪ ಕಾಕಾ

ತಾ.ಕ.: ಡಬ್ಬಿ ಮುಚ್ಚುವ ಮುಂಚೆ, ಆ ಹೆಣ್ಣುದನಿಯಲ್ಲಿ ನನ್ನ ಹೆಸರನ್ನು ಒಂದು ಸಲ ಕೇಳಬೇಕೆನಿಸಿತು. ಚಸ್ಮಾ ಕೈಯಲ್ಲಿ ಹಿಡಿದು ನನ್ನ ಮುಖಕ್ಕೆ ತೋರಿಸಿದೆ. "ಸಮೋರ್ ಅನೋಳಖೀ ಮಾಣೂಸ್ ಆಹೆ" ಎಂದಿತು. ಎದುರಿಗಿರುವವನು ಗುರುತಿಲ್ಲದ ಮನುಷ್ಯನಂತೆ. ಅಂಗಳದ ಬಿಸಿಲಿಗೆ ಬಂದು, ಟೋಪಿ ತೆಗೆದು, ಗಡ್ಡ ಬೋಳಿಸಿಕೊಂಡು ಮತ್ತೆ ತೋರಿಸಿದೆ. ಅದನ್ನೇ ಅಂದಿತು. ಆಮೇಲೆ ಕನ್ನಡಿ ನೋಡಿಕೊಂಡೆ, ಕೆನ್ನೆಯೆರಡೂ ಒಳಗೆ ಹೋಗಿವೆ. ಮಿಷನ್ನಿನ ತಪ್ಪಿಲ್ಲ, ರೂಪಾಲಿ. ಡಬ್ಬಿ ಕಳಿಸುತ್ತಿಲ್ಲ. ನೀನೇ ಒಂದು ಸಲ ಬಂದು ಒಯ್ಯಿ.