ಹೊಂಗೆ ಮರದ ಗಂಟೆ

11 ಫೆಬ್ರವರಿ 1997, ಮಂಗಳವಾರ

ಏಳೂವರೆಗೆ ಮಲ್ಲಿಗಮ್ಮಜ್ಜಿಯ ಐದು ದನ ಹೊಡೆದುಕೊಂಡು ಹೊರಟೆ. ಅದೇ ದಾರಿ. ಅದೇ ಬೀಳು. ಅದೇ ಹಾಳು ಕ್ವಾರಿಯ ದಂಡೆ. ಹತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟವಳಿಗೆ ಉಡಿಗಾಲದಂಥ ಊರಲ್ಲಿ ಇನ್ಯಾವ ಕೆಲಸ? ಕಷ್ಟಕ್ಕೆ ಬಿಡಿಸಿದೆವು ಎಂದು ಅವ್ವ ಊರಿಗೆಲ್ಲ ಹೇಳಿದ್ದಾಳೆ. ಸುಳ್ಳು. ಕೂತಲ್ಲಿ ಕೂರಲಾಗದೆ ಬಿಟ್ಟೆ.

ಅಜ್ಜಿಯ ಎರಡೂ ಕಣ್ಣಿಗೆ ಪೊರೆ. ಜಗುಲಿಯ ಮೇಲೆ ಕೂತು ಕಿವಿಯಿಂದಲೇ ದನ ಕಾಯುತ್ತಾಳೆ. ಕೆಂಪಿಯ ಕೊರಳಲ್ಲಿ ಮರದ ಗಂಟೆ ಇದೆ. ಕಾಡಂಚಿನ ದನದ ದೊಡ್ಡಿಯಲ್ಲಿ ಅಜ್ಜಿಯ ಅಪ್ಪ ಕೆತ್ತಿದ್ದು, ಮದುವೆಯಲ್ಲಿ ಕೊಟ್ಟು ಕಳಿಸಿದ್ದು. ಲೊಟ್ ಲೊಟ್... ಅರ್ಧ ಮೈಲಿ ಕೇಳುತ್ತದೆ.

ಸಂಜೆ ದನ ಕಟ್ಟುವಾಗ ಕೇಳಿದಳು, "ಮದ್ಯಾನ್ನ ಕೆಂಪಿ ನೀರ್ ಕುಡೀನಿಲ್ವಲ್ಲಮ್ಮಿ, ಯಾಕೆ?"

"ನಿಂಗ್ ಯಾರಜ್ಜಿ ಏಳ್ದೋರು?"

"ಗಂಟೆ ತಗ್ಗಿಗೆ ಇಳೀಲೇ ಇಲ್ವಲ್ಲ."

ಅವಳಿಗೆ ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ಕಷ್ಟ. ನಾನು ಯಾರಿಗೂ ಸುಳ್ಳು ಹೇಳುವುದಿಲ್ಲ, ಆ ಮಾತು ಬೇರೆ.

14 ಫೆಬ್ರವರಿ, ಶುಕ್ರವಾರ

ಒಂದು ಉಪಾಯ ಹೊಳೆಯಿತು. ಕೆಂಪಿಯ ಕೊರಳಿಂದ ಗಂಟೆ ಬಿಚ್ಚಿದೆ. ಕ್ವಾರಿಯ ಆಚೆ ದಂಡೆಯ ಹೊಂಗೆ ಮರ ಹತ್ತಿ, ತುದಿಯ ಕೊಂಬೆಗೆ ಕಟ್ಟಿದೆ. ಗಾಳಿ ಬಂದಾಗೆಲ್ಲ ಲೊಟ್ ಲೊಟ್. ಜಗುಲಿಯ ಮೇಲಿರುವವಳಿಗೆ ದನ ಮೇಯುತ್ತಿವೆ ಎಂದೇ ಲೆಕ್ಕ. ಹತ್ತು ಗಂಟೆ ಬಸ್ಸಿಗೆ ಗುಂಡ್ಲುಪೇಟೆ.

ಏನೂ ಮಾಡಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬೋರ್ಡು ಓದಿದೆ. ಊಟಿ. ಸುಲ್ತಾನ್ ಬತ್ತೇರಿ. ಕೋಳಿಕ್ಕೋಡ್. ಈರುಳ್ಳಿ ಲಾರಿಗಳು ಸಾಲಾಗಿ ಘಾಟಿನ ಕಡೆ ಹೊರಟವು. ಮಲಯಾಳಿ ಕಾಕನ ಅಂಗಡಿಯಲ್ಲಿ ಬಾಳೆಹಣ್ಣಿನ ಬಜ್ಜಿ ತಿಂದೆ. "ಎಲ್ಲಿಗೆ ಮೋಳೇ?" ಅಂದ, ಮಗಳೇ ಎನ್ನುವ ಹಾಗೆ. ಎಲ್ಲಿಗೂ ಇಲ್ಲ ಅಂದೆ. ನಿಜವೇ.

ಮೂರಕ್ಕೆ ವಾಪಸ್. ಗಂಟೆ ಮತ್ತೆ ಕೆಂಪಿಗೆ.

"ಇವತ್ ಒಂದೇ ತಾವ ಮೇದ್ಲಲ್ಲ ನನ್ ಮಗ್ಳು?"

"ಉಲ್ಲು ಚೆನ್ನಾಗಿತ್ತು ಅಜ್ಜಿ."

ಫೆಬ್ರವರಿಯಲ್ಲಿ ಬೀಳಿನಲ್ಲಿ ಹುಲ್ಲು! ಹೇಳಿದ್ದು ಸುಳ್ಳು. ಬರೆದಿಟ್ಟಿದ್ದೇನೆ.

18 ಫೆಬ್ರವರಿ, ಬೆಳಿಗ್ಗೆ 6

ಇವತ್ತು ಮತ್ತೆ ಹೋಗುತ್ತೇನೆ. ಇದೊಂದು ಸಲ.

22 ಫೆಬ್ರವರಿ

ನಾಲ್ಕು ದಿನ ಪುಸ್ತಕ ಮುಟ್ಟಲಿಲ್ಲ.

ಮಂಗಳವಾರ ವಾಪಸ್ ಬರುವಾಗ ಬಸ್ಸು ತೆರಕಣಾಂಬಿ ಹತ್ತಿರ ಕೆಟ್ಟು ನಿಂತಿತು. ಊರು ಸೇರಿದಾಗ ಆರೂವರೆ. ದನಗಳು ತಾವೇ ಮನೆಗೆ ಬಂದಿದ್ದವು. ನಾಲ್ಕು ಮಾತ್ರ. ಕೆಂಪಿ ಕೆರೆ ಏರಿಯ ಮೇಲೆ ಹಿಂದುಳಿದಿತ್ತು. ಅಜ್ಜಿ ಒಂದೊಂದರ ಬೆನ್ನು ಸವರಿ ಎಣಿಸಿದಳಂತೆ. ಕಿವಿಗೊಟ್ಟಳಂತೆ. ಗಂಟೆ ಕ್ವಾರಿಯ ಕಡೆಯಿಂದ ಕೇಳುತ್ತಿತ್ತು. ಕೋಲು ಹಿಡಿದು ಗಂಟೆಯ ಕಡೆಗೆ ನೇರ ನಡೆದಳು.

ಕಣ್ಣಿದ್ದವರು ಬಳಸಿ ಹೋಗುತ್ತಾರೆ. ಊರಿಂದ ಆ ಮರಕ್ಕೆ ನೇರ ನಡೆದರೆ ನಡುವೆ ಕಲ್ಲು ತೆಗೆದ ಹೊಂಡ. ಎಂಟಾಳು ಆಳ.

ಬೆಳಿಗ್ಗೆ ಸಿಕ್ಕಳು.

ಎಲ್ಲರೆದುರು ಅವ್ವ ಕೇಳಿದಳು, "ನೀನೆಲ್ಲಿದ್ದಮ್ಮಿ?" ದನ ಹೊಡೆದುಕೊಂಡು ಬಂದು ಬಿಟ್ಟು, ಕೆಂಪಿಯನ್ನು ಹುಡುಕಲು ಕೆರೆ ಕಡೆ ಹೋಗಿದ್ದೆ ಎಂದೆ. ಗಂಟೆ? ಹಗ್ಗ ಕಿತ್ತು ಎಲ್ಲೋ ಬಿದ್ದಿರಬೇಕು ಎಂದೆ. ನನ್ನ ಬಾಯಿಂದ ಬಂದಿದ್ದಕ್ಕೆ ಎಲ್ಲರೂ ನಂಬಿದರು. ಪಕ್ಕದ ಮನೆ ಮಹಾಲಕ್ಷ್ಮಮ್ಮ ನನ್ನ ತಲೆ ಸವರಿ, "ಅಳ್ಬ್ಯಾಡ ಕಣಮ್ಮಿ, ನೀನೇನ್ ಮಾಡೀಯೆ" ಅಂದಳು.

ಗಂಟೆ ಇನ್ನೂ ಮರದಲ್ಲೇ ಇದೆ.

23 ಫೆಬ್ರವರಿ, ಭಾನುವಾರ

ಹಾಲಿನ ಡೈರಿ ಸೆಕ್ರೆಟರಿ ಗುರುಪಾದಸ್ವಾಮಿ ಬಂದಿದ್ದರು. ಶುಕ್ರವಾರ ಹನ್ನೊಂದನೇ ದಿನದ ತಿಥಿ, ಜೊತೆಗೆ ಸಂತಾಪ ಸಭೆ. "ನಿನ್ ಅಕ್ಸರ ಮುತ್ತು ಕಣಮ್ಮಿ ಕುಮಾರಿ. ಅಜ್ಜಿ ಜೀವನ ಚರಿತ್ರೆ ಒಂದ್ ಪುಟ ಬರ್ದು ನೀನೇ ಓದ್ಬುಡು." ತಲೆಬರಹಗಳನ್ನೂ ಅವರೇ ಹಾಕಿಕೊಟ್ಟರು: ಜನನ, ವಿದ್ಯಾಭ್ಯಾಸ, ಸಮಾಜಸೇವೆ, ಮರಣ.

"ವಿದ್ಯಾಭ್ಯಾಸ ಇಲ್ಲ ಸಾ."

"ಇಲ್ಲ ಅಂತ ಬರೀತಾರಾ? ಅನುಭವವೇ ವಿದ್ಯೆ ಅಂತ ಬರಿ."

"ಅದ್ ನಿಮ್ ಮಾತು. ಅಜ್ಜೀದಲ್ಲ."

"ನಿನ್ ಬಾಯಿಗೆ ಎದ್ರಿ ಮೇಷ್ಟ್ರು ಕೈ ಮುಗ್ದು ಮನೇಗ್ ಕಳ್ಸುದ್ರು. ಈಗ ನನ್ ತಲೇಗ್ ಬಂದೆ!"

ಎಲ್ಲರೂ ನಕ್ಕರು. ಕುಮಾರಿ ಇದ್ದದ್ದು ಇದ್ದ ಹಾಗೆ ಹೇಳುವವಳು. ಊರಿಗೇ ಗೊತ್ತು.

24 ಫೆಬ್ರವರಿ

ಬರೆದದ್ದು ಇಷ್ಟು.

ದೊಡ್ಡಿಯಲ್ಲಿ ಹುಟ್ಟಿದಳು, ವರ್ಷ ಗೊತ್ತಿಲ್ಲ. ನೂರು ದನ, ಸುತ್ತ ಮುಳ್ಳಿನ ಬೇಲಿ. ಮನುಷ್ಯರಿದ್ದ ಗುಡಿಸಿಲಿಗೆ ಬಾಗಿಲು ಇರಲಿಲ್ಲ. ಕಾಡುದಾರಿಯಲ್ಲಿ ಯಾರು ಬಂದರೂ ಮೊದಲು ಮಜ್ಜಿಗೆ, ಆಮೇಲೆ ಯಾರು ಎತ್ತ ಎಂಬ ಮಾತು. ಉಡಿಗಾಲಕ್ಕೆ ಸೊಸೆಯಾಗಿ ಬಂದ ಮೇಲೂ ಅಗುಳಿ ಹಾಕಿ ಅಭ್ಯಾಸವಾಗಲಿಲ್ಲ. ಹಸು ಈದರೆ ಗಿಣ್ಣು ಎಲ್ಲ ಮನೆಗೂ. ಕೆಳಗಿನ ಕೇರಿಗೆ ಕೊಡಬೇಡ ಎಂದ ಅತ್ತೆಗೆ ಹೇಳಿದಳಂತೆ, "ಆಲಿಗೆ ಯಾವ ಬೀದಿ ಅಂತ ಗೊತ್ತಿಲ್ಲ ಕಣತ್ತೆ."

ಹಸುವಿಗೂ ಹೆಂಗಸಿಗೂ ಅವಳೇ ಹೆರಿಗೆ ಮಾಡಿಸುತ್ತಿದ್ದಳು. ನಾನು ಹುಟ್ಟಿದ್ದೂ ಅವಳ ಕೈಯಲ್ಲಿ. "ಹಸ ಒದೀತದೆ, ಎಣ್ಣು ಬಯ್ತದೆ, ಅಷ್ಟೇ ಕಣಮ್ಮಿ ಯತ್ವಾಸ" ಎನ್ನುತ್ತಿದ್ದಳು.

ಬೋರ್‌ವೆಲ್ಲಿಗೆ ಅರ್ಜಿ ಕೊಟ್ಟು ಮೂರು ವರ್ಷ ಆದಾಗ ಚಾಮರಾಜನಗರಕ್ಕೆ ಹನ್ನೆರಡು ದನ ಹೊಡೆದುಕೊಂಡು ಹೋಗಿ ಆಫೀಸಿನ ಕಾಂಪೌಂಡಿನಲ್ಲಿ ಬಿಟ್ಟಳು. ಸಾಹೇಬರು ಕೂಗಾಡಿದರೆ, "ನಂಗ್ ಬರಿಯಕ್ ಬರಕಿಲ್ಲ ಬುದ್ಧಿ. ಇವೇ ನನ್ನರ್ಜಿ. ಬಾಯಾರಿವೆ, ನೀವೇ ನೀರ್ ಕುಡ್ಸಿ" ಅಂದಳು. ತಿಂಗಳೊಳಗೆ ಪಂಪು ಬಂತು.

ಮರಣ ಎಂಬ ತಲೆಬರಹದ ಕೆಳಗೆ ಜಾಗ ಬಿಟ್ಟಿದ್ದೇನೆ.

25 ಫೆಬ್ರವರಿ

ಅಜ್ಜಿಯ ತಮ್ಮ ಚಿಕ್ಕಬೀರಯ್ಯ ದೊಡ್ಡಿಯಿಂದ ಬಂದರು. ಎಪ್ಪತ್ತರ ಮೇಲಿರಬೇಕು. ಹೆಗಲ ಮೇಲೆ ಕಂಬಳಿ. ಅಕ್ಕನ ಮನೆಯೊಳಗೆ ಹೋಗುವ ಮೊದಲು ಕೊಟ್ಟಿಗೆಗೆ ಹೋದರು. "ಗಂಟೆಯೆಲ್ಲಿ?" ಎಂಬುದೇ ಮೊದಲ ಮಾತು.

ದೊಡ್ಡಿಯವರು ಸತ್ತರೆ ಅವರ ಗಂಟೆಯನ್ನು ಹನ್ನೊಂದನೇ ದಿನ ಎಳೆಗರುವಿಗೆ ಕಟ್ಟಬೇಕಂತೆ. "ಆ ಸದ್ದು ಕೇಳುದ್ರೆ ದನ ಮನೆ ಸೇರ್ಕತು ಅಂತ ಸತ್ತೋರ್ಗೆ ತಿಳೀತದೆ. ಇಲ್ದಿದ್ರೆ ಹುಡುಕ್ತಾನೇ ಇರ್ತರೆ ಕನವ್ವ."

ಮಾತು ಮುಗಿಯುವಷ್ಟರಲ್ಲಿ ಸಂಜೆಯ ಗಾಳಿ ಎದ್ದಿತು. ಕ್ವಾರಿಯ ಕಡೆಯಿಂದ ಲೊಟ್... ಲೊಟ್...

ಪಂಪಿನ ಹತ್ತಿರ ಮಹಾಲಕ್ಷ್ಮಮ್ಮ ಕೊಡ ಅಲ್ಲೇ ಬಿಟ್ಟು ಓಡಿಬಂದಳು. "ಮಲ್ಲಿಗವ್ವ ಕನ್ರೋ! ದಿನಾ ಇದೇ ವೊತ್ಗೆ!" ಅಜ್ಜಿ ತರಿಸಿದ ಪಂಪು. ಸಂಜೆ ಈಗ ಅವಳೊಬ್ಬಳನ್ನು ಬಿಟ್ಟರೆ ಯಾರೂ ಅತ್ತ ಹೋಗುತ್ತಿಲ್ಲ. ಮಕ್ಕಳನ್ನು ನಾಲ್ಕಕ್ಕೇ ಒಳಗೆ ಕೂಡುತ್ತಾರೆ.

ಮರದ ಮೇಲಿರುವುದು ಗಂಟೆ ಎಂದು ನನಗೆ ಗೊತ್ತು. ನಾನೇ ಕಟ್ಟಿದ್ದು. ಆದರೂ ಗಾಳಿ ನಿಂತ ಮೇಲೂ ಎರಡು ಸಲ ಕೇಳಿಸಿತು. ಉಳಿದವರಿಗೆ ಕೇಳಿಸಿತೋ ಇಲ್ಲವೋ, ನಾನು ವಿಚಾರಿಸಲಿಲ್ಲ.

26 ಫೆಬ್ರವರಿ

ಮಟಮಟ ಮಧ್ಯಾಹ್ನ ಹೋದೆ. ಬಳಸಿ ಹೋದೆ. ಹೊಂಡದ ಈಚೆ ಅಂಚಿನಲ್ಲಿ ಕೋಲಿನ ಗೀರು ಇನ್ನೂ ಇದೆ. ಮರ ಹತ್ತಿ ಗಂಟೆ ಬಿಚ್ಚಿದೆ, ಒಳಗೆ ಹಳೆ ಲಂಗದ ಬಟ್ಟೆ ತುರುಕಿದೆ. ಹೊಂಡಕ್ಕೆ ಎಸೆದರೆ ಮುಗಿಯಿತು. ಕೈ ಎತ್ತಿದೆ ಕೂಡ. ಆಗಲಿಲ್ಲ. ಟ್ರಂಕಿನಲ್ಲಿಟ್ಟೆ.

ಸಂಜೆ ಗಾಳಿ ಬಂತು. ಸದ್ದಿಲ್ಲ. "ಶಾಂತಿ ಆಯ್ತು ಬುಡು" ಅಂದರು. ಹೆಂಗಸರು ಕೊಡ ಹಿಡಿದು ಪಂಪಿಗೆ ಹೋದರು, ನಗಾಡಿಕೊಂಡು. ಇನ್ನು ಯಾರೂ ಏನೂ ಕೇಳುವುದಿಲ್ಲ.

ಊಟಕ್ಕೆ ಕೂತಾಗ ಟ್ರಂಕಿನಿಂದ ಲೊಟ್ ಎಂದಿತು. ತೆಗೆದು ನೋಡಿದೆ. ಬಟ್ಟೆ ತುರುಕಿದ ಹಾಗೇ ಇದೆ.

27 ಫೆಬ್ರವರಿ

ಗುರುಪಾದಸ್ವಾಮಿ ಬಂದು ಖಾಲಿ ಜಾಗ ನೋಡಿ ತಾವೇ ಬರೆದರು: "ಮೂಕಪ್ರಾಣಿಗಾಗಿ ಪ್ರಾಣತ್ಯಾಗ ಮಾಡಿದ ಮಹಾತಾಯಿ." ಕೇಳಲು ಚೆನ್ನಾಗಿದೆ. ಓದಿದರೆ ಊರು ಅಳುತ್ತದೆ.

ಮಧ್ಯಾಹ್ನ ಕೊಟ್ಟಿಗೆಯಲ್ಲಿ ಚಿಕ್ಕಬೀರಯ್ಯ ಕೆಂಪಿಯ ಕೊರಳು ಸವರುತ್ತಿದ್ದರು. ನನ್ನನ್ನು ನೋಡಲಿಲ್ಲ. "ಅಗ್ಗ ಕಿತ್ತಿದ್ರೆ ಇಲ್ಲಿ ತರ್ಚಿರ್ಬೇಕಿತ್ತು. ಏನೂ ಇಲ್ಲ. ಯಾರೋ ಕೈಲಿ ಬಿಚ್ಚವ್ರೆ."

"ಯಾರು ಅಂತ ಕೇಳಕಿಲ್ವಾ ತಾತ?"

"ದೊಡ್ಡಿಯೋರು ಕೇಳಕಿಲ್ಲ ಕನವ್ವ. ಬಂದೋರು ಮಜ್ಗೆ ಕುಡ್ದು ತಾವೇ ಏಳ್ಬೇಕು." ಹುಲ್ಲು ಹಾಕಿ ಎದ್ದುಹೋದರು.

ಸೆಕ್ರೆಟರಿ ಬರೆದ ಸಾಲು ಹೊಡೆದುಹಾಕಿದೆ. ಕೆಳಗೆ ಬರೆದೆ: ಗಂಟೆ ಬಿಚ್ಚಿ ಮರಕ್ಕೆ ಕಟ್ಟಿದ್ದು ಕುಮಾರಿ. ಅವಳು ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡು ಓದುತ್ತಿದ್ದಳು. ಅಜ್ಜಿ ಗಂಟೆಯನ್ನು ನಂಬಿದಳು.

ಅವ್ವನಿಗೆ ಹೇಳಿಲ್ಲ. ಊರಲ್ಲಿ ತಲೆ ಎತ್ತಿ ನಡೆಯುವ ಹಾಗೆ ಇರುವುದಿಲ್ಲ ಅವಳು. ಅದೊಂದೇ...

28 ಫೆಬ್ರವರಿ, 11 ಗಂಟೆ

ನಮ್ಮ ಬಾಗಿಲವರೆಗೂ ಪೆಂಡಾಲ್ ತುಂಬಿದೆ. ಕುದೇರು ಕಡೆಯಿಂದಲೂ ಜನ ಬಂದಿದ್ದಾರೆ. ಪೂಜೆ ಮುಗಿಯಿತು. ಎಳೆಗರುವಿಗೆ ಅರಿಶಿನ ಹಚ್ಚಿ ಕಂಬಕ್ಕೆ ಕಟ್ಟಿದ್ದಾರೆ, ಕೊರಳು ಖಾಲಿ. ಚಿಕ್ಕಬೀರಯ್ಯ ಪಕ್ಕದಲ್ಲೇ ಕೂತಿದ್ದಾರೆ. ಗಂಟೆ ಸಿಗಲಿಲ್ಲ, ಹೂವಿನ ಹಾರ ಹಾಕಿ ಮುಗಿಸೋಣ ಎಂದು ಸೆಕ್ರೆಟರಿ ಎರಡು ಸಲ ಹೇಳಿದರು. ತಾತ ಅಲ್ಲಾಡಲಿಲ್ಲ.

ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಅವ್ವ ಬಾಗಿಲಿಗೆ ಬಂದು, "ಬಾಮ್ಮಿ, ಎಲ್ರೂ ಕಾಯ್ತಾವ್ರೆ. ಚೆನ್ನಾಗ್ ಓದು" ಎಂದು ನನ್ನ ಜಡೆ ಸರಿಮಾಡಿ ಹೋದಳು. ಹೊಸ ಸೀರೆ ಉಟ್ಟಿದ್ದಾಳೆ.

ಗಂಟೆಯೊಳಗಿನ ಬಟ್ಟೆ ತೆಗೆದೆ. ಮೆತ್ತಗೆ ಎತ್ತಿದೆ. ಆದರೂ ಒಂದು ಸಲ ಲೊಟ್ ಎಂದಿತು.

ಹೊರಗೆ ಮಾತೆಲ್ಲ ನಿಂತಿದೆ. ಕೊಟ್ಟಿಗೆಯಿಂದ ಕೆಂಪಿ ಕೂಗುತ್ತಿದೆ. ಯಾರವ್ವ ಒಳಗಿರೋದು ಎಂದು ತಾತ ಕೇಳುತ್ತಿದ್ದಾರೆ.

ನಾನು